ಹುಡುಗನ ಅಪ್ಪ ಕುಡೀತಿದ್ರು, ಚಿಕ್ಕಪ್ಪಂಗೆ ಬೈಪೋಲಾರ್. ಇದೆಲ್ಲ ವಂಶದಲ್ಲಿ ಬರುತ್ತಾ? ಮನೇಲಿ ಸಂಬಂಧ ಬೇಡ ಅಂತಿದಾರೆ

ಕಲ್ಪತರು_ನಾಡು:
ಎಲ್ರಿಗೂ ನಮಸ್ಕಾರ. ತಂಗಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಬೆಂಗಳೂರಲ್ಲಿ ಕೆಲಸ, ಇಬ್ರೂ ಮಾತಾಡಿ ಒಪ್ಕೊಂಡಿದಾರೆ, ಜಾತಕನೂ ಕೂಡಿ ಬಂತು. ಆಮೇಲೆ ಹುಡುಗನೇ ತಂಗಿ ಹತ್ರ ಎಲ್ಲ ಹೇಳಿದಾನೆ, ಅಪ್ಪ ವರ್ಷಗಟ್ಲೆ ಕುಡಿದು ಲಿವರ್ ಹೋಗಿ ತೀರ್ಕೊಂಡ್ರು, ಚಿಕ್ಕಪ್ಪಂಗೆ ಬೈಪೋಲಾರ್ (ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ತೀರಾ ಕುಗ್ಗೋ ಮನಸ್ಸಿನ ಕಾಯಿಲೆ) ಇದೆ, ಮಾತ್ರೆ ತಗೊಂಡು ದಿನಸಿ ಅಂಗಡಿ ನಡೆಸ್ಕೊಂಡು ಹೋಗ್ತಿದಾರೆ ಅಂತ. ಹುಡುಗ ಕುಡಿಯಲ್ಲ, ಸಿಗರೇಟೂ ಇಲ್ಲ.

ನಮ್ಮ ದೊಡ್ಡಪ್ಪ ಪಟ್ಟು ಹಿಡಿದು ಕೂತಿದಾರೆ. ನೂಲಿನಂತೆ ಸೀರೆ, ಅಪ್ಪನ ಹಾಗೇ ಮಗ, ಇವತ್ತು ಕುಡಿಯದವನು ಮದುವೆ ಆದ್ಮೇಲೆ ಶುರು ಮಾಡ್ತಾನೆ, ಹುಟ್ಟೋ ಮಕ್ಕಳಿಗೆ ಚಿಕ್ಕಪ್ಪನ ಕಾಯಿಲೆ ಬರುತ್ತೆ ಅಂತ. ಅಮ್ಮ ಅಳ್ತಾ ಇದಾರೆ, ತಂಗಿ ಯಾರ ಹತ್ರನೂ ಮಾತಾಡ್ತಿಲ್ಲ. ನಿಜವಾಗ್ಲೂ ಇದು ರಕ್ತದಲ್ಲಿ ಬರುತ್ತಾ? ಬಂದ್ರೆ ಎಷ್ಟು? ಗೊತ್ತಿರೋರು ದಯವಿಟ್ಟು ಹೇಳಿ.

ರಾಗಿಮುದ್ದೆ_ಸೊಪ್ಪುಸಾರು:
ಯಾಕೆ ಸರ್ ರಿಸ್ಕು. ತಂಗಿ ಜೀವನ ಅದು. ಬೇರೆ ಸಂಬಂಧ ನೋಡಿ.

ಮಲ್ಲೇಶ್ವರಂ_ಆಂಟಿ:
ಮೇಲಿನವರಿಗೆ: ಬೇರೆ ಸಂಬಂಧದಲ್ಲಿ ಕುಡಿಯೋರು ಇಲ್ಲ ಅಂತ ಹೇಗೆ ಗೊತ್ತು? ಅವರು ಹೇಳಿರಲ್ಲ ಅಷ್ಟೇ. ಈ ಹುಡುಗ ಯಾರೂ ಕೇಳದೆ ತಾನೇ ಹೇಳಿದಾನೆ, ನಂಗೆ ಅದೇ ದೊಡ್ಡದಾಗಿ ಕಾಣುತ್ತೆ.

ಜೀನ್_ಓದುವವ:
ಪ್ರಶ್ನೆಗೆ ನೇರ ಉತ್ತರ ಕೊಡ್ತೀನಿ, ನನ್ನ ಓದು ಇದರಲ್ಲೇ. ಹೌದು, ಕುಡಿತದ ಚಟದಲ್ಲಿ ಜೀನ್‌ಗಳ ಪಾಲು ದೊಡ್ಡದೇ. ಅವಳಿ ಮಕ್ಕಳು, ದತ್ತು ಹೋದ ಮಕ್ಕಳ ಮೇಲೆ ಆಗಿರೋ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2015ರಲ್ಲಿ ಲೆಕ್ಕ ಮಾಡಿದಾಗ ಬಂದಿದ್ದು ನೂರಕ್ಕೆ 50ರ ಹತ್ರ.

ಆದ್ರೆ ಈ 50ನ್ನ ಜನ ತಪ್ಪಾಗಿ ಓದ್ತಾರೆ. ಮಗ ಕುಡುಕ ಆಗೋ ಸಾಧ್ಯತೆ 50 ಅಂತ ಇದರ ಅರ್ಥ ಅಲ್ಲವೇ ಅಲ್ಲ. ಒಂದು ಊರಲ್ಲಿ ಕೆಲವರು ಚಟಕ್ಕೆ ಬೀಳ್ತಾರೆ ಕೆಲವರು ಬೀಳಲ್ಲ, ಆ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಅರ್ಧ ಜೀನ್‌ಗಳ ವ್ಯತ್ಯಾಸದಿಂದ, ಉಳಿದರ್ಧ ಮನೆ, ಸ್ನೇಹಿತರು, ದುಡ್ಡು, ಎಷ್ಟನೇ ವಯಸ್ಸಲ್ಲಿ ಮೊದಲು ಕುಡಿದ, ಹತ್ರದಲ್ಲಿ ಬಾರ್ ಇದ್ಯಾ, ಇಂಥದ್ರಿಂದ. ಒಬ್ಬ ಮನುಷ್ಯನ ಹಣೇಲಿ ಏನು ಬರೆದಿದೆ ಅಂತ ಆ ಅಂಕಿ ಹೇಳಲ್ಲ.

ಉಣಕಲ್_ಕೆರಿ:
ಅಲ್ರೀ, ಅಪ್ಪ ದಿನಾ ಕುಡದ ಮನಿಗೆ ಬರೋದು ನೋಡಿ ಮಗಾನೂ ಕಲೀತಾನ, ಅದಕ್ಕ ಜೀನ್ ಯಾಕ ಬೇಕ್ರಿ? ನಮ್ಮ ಓಣ್ಯಾಗ ಅಂಥಾ ಮನಿ ಭಾಳ ಅದಾವ. ನಮ್ಮ ಸೋದರಮಾವನ ಮೂರೂ ಮಕ್ಕಳು ಅವನ ಬಾಟ್ಲಿ ತರಾಕ ಅಂಗಡಿಗೆ ಹೋಗಿ ಹೋಗಿ ಬೆಳದಾವು. ಇಬ್ಬರು ಕುಡೀತಾರ, ಸಣ್ಣಾಂವ ವಾಸನಿ ಬಂದ್ರ ಎದ್ದ ಹೋಗ್ತಾನ. ಒಂದ ಮನಿ, ಒಂದ ಅಪ್ಪ. ಇದಕ್ಕೇನಂತೀರಿ?

ಜೀನ್_ಓದುವವ:
ಕೆರಿ ಅವರೇ, ನೀವು ಕೇಳಿದ ಪ್ರಶ್ನೆನೇ 1970ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಕೇಳಿದ್ರು. ನೋಡಿ ಕಲಿಯೋದಾ, ರಕ್ತದಲ್ಲಿ ಬರೋದಾ ಅಂತ ಬೇರೆ ಮಾಡ್ಬೇಕಾದ್ರೆ ಕುಡಿಯೋ ಅಪ್ಪನಿಗೆ ಹುಟ್ಟಿ ಎಳೇ ಕೂಸಾಗಿದ್ದಾಗಲೇ ಬೇರೆ ಮನೆಗೆ ದತ್ತು ಹೋದವರನ್ನ ನೋಡ್ಬೇಕು. ಡೊನಾಲ್ಡ್ ಗುಡ್ವಿನ್ ಅಂತ ಅಮೆರಿಕದ ಮನೋವೈದ್ಯ, ಅಲ್ಲಿನ ಡಾಕ್ಟರ್‌ಗಳ ಜೊತೆ ಸೇರಿ ಅಂಥ 55 ಗಂಡಸರನ್ನ ಹುಡುಕಿದ್ರು, ಹೋಲಿಕೆಗೆ ಬೇರೆ 78 ದತ್ತುಪುತ್ರರನ್ನ ತಗೊಂಡ್ರು. 1973ರಲ್ಲಿ ಪ್ರಕಟ ಆದ ಫಲಿತಾಂಶ: ಕುಡುಕ ಪೋಷಕರಿಗೆ ಹುಟ್ಟಿದವರಲ್ಲಿ ನೂರಕ್ಕೆ 18 ಜನ ಕುಡಿತಕ್ಕೆ ದಾಸರಾಗಿದ್ರು, ಇನ್ನೊಂದು ಗುಂಪಲ್ಲಿ 5. ಹೆತ್ತಪ್ಪ ಕುಡಿಯೋದನ್ನ ಅವರು ನೋಡಿ ಬೆಳೆದವರಲ್ಲ, ಆದ್ರೂ ಮೂರೂವರೆ ಪಟ್ಟು.

ಈಗ ಇದನ್ನೇ ತಿರುಗಿಸಿ ನೋಡಿ. ಕುಡುಕನಿಗೆ ಹುಟ್ಟಿದ ನೂರರಲ್ಲಿ 82 ಜನ ಆಗಲಿಲ್ಲ! ಕಲ್ಪತರು ಅವರ ದೊಡ್ಡಪ್ಪಂಗೆ ಮೊದಲು ಹೇಳ್ಬೇಕಾದ್ದು ಈ 82. ನಿಮ್ಮ ಮಾವನ ಸಣ್ಣ ಮಗನೂ ಅವರಲ್ಲೊಬ್ಬ. ಅಣ್ಣತಮ್ಮಂದಿರು ಅಂದ್ರೆ ಜೀನ್ ಎಲ್ಲ ಒಂದೇ ಅಲ್ಲ, ಸರಾಸರಿ ಅರ್ಧ ಮಾತ್ರ ಹಂಚ್ಕೊಂಡಿರ್ತಾರೆ.

ಪಣಂಬೂರು_ಬಂದರು:
ಕುಡಿಯದ ಹಾಗೆ ತಡೆಯುವ ಜೀನ್ ಕೂಡ ಉಂಟು ಮಾರಾಯ್ರೆ, ಅದನ್ನು ಯಾರೂ ಹೇಳುದಿಲ್ಲ. ನಾನು ಹಡಗಿನಲ್ಲಿ ಇದ್ದಾಗ ನಮ್ಮ ಒಟ್ಟಿಗೆ ಒಬ್ಬರು ಜಪಾನಿನವರು ಇದ್ದರು. ಅರ್ಧ ಗ್ಲಾಸ್ ಬಿಯರ್ ಕುಡಿದರೆ ಮುಖ ಕುತ್ತಿಗೆ ಎಲ್ಲ ಕೆಂಪು, ಎದೆ ಡವಡವ, ವಾಂತಿ ಬರುವ ಹಾಗೆ. ನಾವು ಹೆದರಿ ಕ್ಯಾಪ್ಟನನ್ನು ಕರೆದದ್ದು. ಅವರು ಆರಾಮ, ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ ಅಂತ ಹೇಳಿದರು.

ಜೀನ್_ಓದುವವ:
ಅದು ಎಎಲ್‌ಡಿಎಚ್2 ಅನ್ನೋ ಜೀನ್. ಹೆಂಡ ಹೊಟ್ಟೆಗೆ ಹೋದ್ಮೇಲೆ ಲಿವರ್ ಅದನ್ನ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಮಾಡುತ್ತೆ, ಆಮೇಲೆ ಇನ್ನೊಂದು ಕಿಣ್ವ ಆ ವಿಷವನ್ನ ಒಡೆದು ಹಾಕುತ್ತೆ. ಜಪಾನ್, ಚೀನಾ, ಕೊರಿಯಾ ಕಡೆ ಮೂರರಲ್ಲಿ ಒಬ್ಬರಿಗಾದ್ರೂ ಆ ಎರಡನೇ ಕಿಣ್ವ ಸರಿಯಾಗಿ ಕೆಲಸ ಮಾಡಲ್ಲ, ವಿಷ ಮೈಯಲ್ಲೇ ನಿಲ್ಲುತ್ತೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ನಮೂನೆ ಬಂದಿದ್ರೆ ಅಂಥವರು ಕುಡುಕರಾಗೋದು ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಕಡೆ ಇದು ಬಲು ಅಪರೂಪ.

ಇದರಲ್ಲೇ ಇನ್ನೊಂದು ವಿಷಯ ಇದೆ, ನಂಗೆ ತುಂಬಾ ಮುಖ್ಯ ಅನ್ಸುತ್ತೆ. ಒಬ್ಬರಿಂದ ಮಾತ್ರ ಆ ನಮೂನೆ ಬಂದವರಿಗೆ ಅರ್ಧಂಬರ್ಧ ರಕ್ಷಣೆ. ಜಪಾನಿನಲ್ಲಿ ಚಿಕಿತ್ಸೆಗೆ ಬಂದ ಕುಡುಕರಲ್ಲಿ ಇಂಥವರು 1979ರಲ್ಲಿ ನೂರಕ್ಕೆ 2.5 ಇದ್ರು, 1992ಕ್ಕೆ 13 ಆದ್ರು. ಹದಿಮೂರು ವರ್ಷದಲ್ಲಿ ಜೀನ್ ಬದಲಾಗಲ್ಲ. ಆಫೀಸ್ ಮುಗಿಸಿ ಎಲ್ರೂ ಸೇರಿ ಕುಡಿಯಲೇಬೇಕು ಅನ್ನೋ ಒತ್ತಡ ಮೈ ಬೇಡ ಅಂದ್ರೂ ಕುಡಿಸ್ತು. ಅಂಥ ಮೈ ಇಟ್ಕೊಂಡು ಕುಡಿದ್ರೆ ಅನ್ನನಾಳದ ಕ್ಯಾನ್ಸರ್ ಭಯನೂ ಹೆಚ್ಚು.

ಸಕ್ಕರೆ_ಸೀಮೆ:
ಆ ಜಪಾನಿನವ್ರಿಗೆ ಆಗೋ ಥರನೇ ಆಗೋ ಮಾತ್ರೆ ಇಲ್ಲೂ ಸಿಗ್ತದೆ ಕಣ್ರಪ್ಪ. ನಮ್ಮೂರಲ್ಲಿ ಒಬ್ರು ಗಂಡಂಗೆ ಗೊತ್ತಾಗ್ದಂಗೆ ಸಾರಿಗೆ ಪುಡಿ ಮಾಡಿ ಹಾಕ್ತಿದ್ರು. ಬಿಡಿಸ್ಬೇಕು ಅನ್ನೋರು ಟ್ರೈ ಮಾಡಬೋದು.

ವಾರ್ಡ್_ಸಿಸ್ಟರ್:
ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ!! ನಾನು ವ್ಯಸನ ಮುಕ್ತಿ ವಾರ್ಡಲ್ಲಿ ನರ್ಸ್. ಆ ಮಾತ್ರೆ ಹೆಸರು ಡೈಸಲ್ಫಿರಾಮ್, ಅದು ಅದೇ ಕಿಣ್ವವನ್ನ ತಡೆಯುತ್ತೆ, ನಿಜ. ಆದ್ರೆ ಅದನ್ನ ಕೊಡೋದು ಕುಡಿಯೋರಿಗೆ ಪೂರ್ತಿ ತಿಳಿಸಿ, ಒಪ್ಪಿಗೆ ತಗೊಂಡು, ಲಿವರ್ ಹಾರ್ಟ್ ಟೆಸ್ಟ್ ಮಾಡಿಸಿ. ಗೊತ್ತಿಲ್ದೆ ಸಾರಲ್ಲಿ ತಿಂದು ಹೊರಗೆ ಹೋಗಿ ಕ್ವಾರ್ಟರ್ ಹಾಕಿದ್ರೆ ಬಿಪಿ ಬಿದ್ದು ಪ್ರಾಣನೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಒಂದೆರಡು ವಾರ ಅದರ ಪರಿಣಾಮ ಇರುತ್ತೆ. ಹೆಂಡತಿಯರ ಕಷ್ಟ ನಂಗೆ ಗೊತ್ತು, ದಿನಾ ನೋಡ್ತೀನಿ, ಆದ್ರೂ ಇದು ಬೇಡ.

ಸಕ್ಕರೆ_ಸೀಮೆ:
ಆಯ್ತು ಸಿಸ್ಟರ್, ಊರಲ್ಲಿ ಹೇಳ್ತೀನಿ. ಇನ್ನೊಂದು ಕೇಳ್ತೀನಿ, ನಮ್ಮ ಚಿಕ್ಕಪ್ಪ ಎಷ್ಟು ಕುಡುದ್ರೂ ತೂರಾಡ್ತಿರ್ಲಿಲ್ಲ, ಗಟ್ಟಿ ಆಸಾಮಿ, ಅವ್ನಿಗೇನೂ ಆಗಲ್ಲ ಅಂತಿದ್ರು ಎಲ್ಲಾ. ಕೊನೆಗೆ ಅವ್ನೇ ಎಲ್ರಿಗಿಂತ ಮೊದ್ಲು ಹೋದ. ಅದ್ಯಾಕೆ?

ಜೀನ್_ಓದುವವ:
ಯಾಕಂದ್ರೆ ಆ ‘ಗಟ್ಟಿ’ತನವೇ ಅಪಾಯದ ಗುರುತು. ಕ್ಯಾಲಿಫೋರ್ನಿಯಾದ ಮಾರ್ಕ್ ಶಕಿಟ್ ಅನ್ನೋ ವೈದ್ಯರು 453 ಯುವಕರಿಗೆ ಲ್ಯಾಬಲ್ಲಿ ಅಳತೆ ಮಾಡಿ ಆಲ್ಕೋಹಾಲ್ ಕೊಟ್ಟು ಯಾರಿಗೆ ಎಷ್ಟು ಏರುತ್ತೆ ನೋಡಿದ್ರು, ಸುಮಾರು ಅರ್ಧ ಜನ ಕುಡುಕ ಅಪ್ಪಂದಿರ ಮಕ್ಕಳು. ಕುಡಿದ್ರೂ ಅಷ್ಟಾಗಿ ಏರದವರು ಆ ಮಕ್ಕಳಲ್ಲೇ ಹೆಚ್ಚಿದ್ರು, ಸುಮಾರು ಹತ್ತು ವರ್ಷ ಬಿಟ್ಟು ನೋಡಿದ್ರೆ ಚಟಕ್ಕೆ ಬಿದ್ದವರಲ್ಲೂ ಅವರೇ ಹೆಚ್ಚು. ಏರಲ್ಲ ಅಂದ್ರೆ ಸಾಕು ಅಂತ ಮೈ ಹೇಳೋದು ತಡ ಆಗುತ್ತೆ, ಇನ್ನೊಂದು ಇನ್ನೊಂದು ಅಂತ ಹೋಗುತ್ತೆ, ಲಿವರ್ ಮಾತ್ರ ಲೆಕ್ಕ ಇಡ್ತಾ ಇರುತ್ತೆ. ಸ್ನೇಹಿತರ ಗುಂಪಲ್ಲಿ ಇಂಥವನನ್ನ ಹೀರೋ ಮಾಡ್ತೀವಲ್ಲ, ಅದನ್ನ ನಿಲ್ಲಿಸ್ಬೇಕು.

ಅಂದ್ರೆ ವಂಶದಲ್ಲಿ ಬರೋದು ಕುಡಿತ ಅಲ್ಲ. ಎಷ್ಟು ಬೇಗ ಏರುತ್ತೆ, ಎಷ್ಟು ದುಡುಕು ಸ್ವಭಾವ, ಮನಸ್ಸಿಗೆ ಬೇಜಾರಾದಾಗ ತಡ್ಕೊಳ್ಳೋ ಶಕ್ತಿ ಎಷ್ಟು, ಇಂಥ ಸಣ್ಣ ಸಣ್ಣ ಗುಣಗಳು ಬರ್ತವೆ. ಬಾಟ್ಲಿ ಹೊರಗಿಂದ ಬರ್ಬೇಕು.

ರಾಗಿಮುದ್ದೆ_ಸೊಪ್ಪುಸಾರು:
ಹಂಗಾದ್ರೆ ಸರ್ಕಾರ 2007ರಲ್ಲಿ ಸಾರಾಯಿ ಬ್ಯಾನ್ ಮಾಡಿದ್ದಕ್ಕೆ ಕುಡಿತ ನಿಲ್ಬೇಕಿತ್ತಲ್ಲ? ನಿಲ್ತಾ? ಪ್ಯಾಕೆಟ್ ಬಿಟ್ಟು ವಿಸ್ಕಿ ಟೆಟ್ರಾಪ್ಯಾಕ್ ಹಿಡಿದ್ರು, ಖರ್ಚು ಜಾಸ್ತಿ ಆಯ್ತು ಅಷ್ಟೇ.

ಮಲ್ಲೇಶ್ವರಂ_ಆಂಟಿ:
ಸಾರಾಯಿ ನಿಲ್ಲಿಸಿ ಅಂತ ಹಳ್ಳಿ ಹೆಂಗಸರು ಬೀದಿಗಿಳಿದು ಹೋರಾಡಿದ್ದು ಅದು, ಹಗುರವಾಗಿ ಮಾತಾಡ್ಬೇಡಿ.

ರಾಗಿಮುದ್ದೆ_ಸೊಪ್ಪುಸಾರು:
ಹಗುರ ಮಾಡ್ಲಿಲ್ಲ ಮೇಡಂ. ಒಂದು ಬಾಗಿಲು ಮುಚ್ಚಿ ಪಕ್ಕದ್ದು ತೆಗೆದಿಟ್ರೆ ಏನು ಪ್ರಯೋಜನ ಅಂದೆ. ನಮ್ಮಪ್ಪನೂ ಆ ಸಾಲಲ್ಲಿ ನಿಂತಿದ್ದವರೇ.

ಜೀನ್_ಓದುವವ:
ಇಬ್ಬರ ಮಾತಲ್ಲೂ ವಿಷಯ ಇದೆ. ಫಿನ್ಲೆಂಡಿನಲ್ಲಿ ಅವಳಿ ಹುಡುಗ ಹುಡುಗಿಯರನ್ನ ನೋಡಿದಾಗ ಹಳ್ಳಿ ಕಡೆ ಕುಡಿತದಲ್ಲಿ ಜೀನ್‌ಗಳ ಪಾಲು ಕಮ್ಮಿ ಕಂಡಿತು, ಪಟ್ಟಣದಲ್ಲಿ ಹೆಚ್ಚು. ಎಲ್ಲರೂ ಎಲ್ಲರನ್ನ ನೋಡ್ತಿರೋ ಜಾಗದಲ್ಲಿ ಒಳಗಿನ ಒಲವಿಗೆ ಅವಕಾಶ ಸಿಗಲ್ಲ, ಕೇಳೋರಿಲ್ಲದ ಕಡೆ ಅದು ಹೊರಗೆ ಬರುತ್ತೆ. ಹಾಗಾಗಿ ಆ ನೂರಕ್ಕೆ 50 ಅನ್ನೋದು ಎಲ್ಲಾ ಊರಿಗೂ ಒಂದೇ ಅಂತ ಅಲ್ಲ.

ಕಲ್ಪತರು_ನಾಡು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬೈಪೋಲಾರ್ ಬಗ್ಗೆ ಯಾರೂ ಹೇಳ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ದೊಡ್ಡಪ್ಪಂಗೆ ಕುಡಿತಕ್ಕಿಂತ ಅದರದ್ದೇ ಭಯ.

ಮನೋವೈದ್ಯ_ಪಿಜಿ:
ಸೈಕಿಯಾಟ್ರಿ ಓದ್ತಿದೀನಿ, ಹೇಳ್ತೀನಿ. ಬೈಪೋಲಾರ್ ಮತ್ತು ಸ್ಕಿಜೋಫ್ರೇನಿಯಾದಲ್ಲಿ (ಇಲ್ಲದ ದನಿ ಕೇಳೋದು, ಇಲ್ಲದ್ದನ್ನ ಗಟ್ಟಿಯಾಗಿ ನಂಬೋದು ಇಂಥ ಕಾಯಿಲೆ) ಜೀನ್ ಪಾಲು ಕುಡಿತಕ್ಕಿಂತಲೂ ಹೆಚ್ಚು, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅಂಕಿ ನೋಡಿ. ಸಾಮಾನ್ಯ ಜನರಲ್ಲಿ ಈ ಕಾಯಿಲೆ ಬರೋದು ನೂರಕ್ಕೆ ಸುಮಾರು ಒಬ್ಬರಿಗೆ. ಅಪ್ಪ ಅಥವಾ ಅಮ್ಮ ಒಬ್ಬರಿಗಿದ್ರೆ ಮಕ್ಕಳಿಗೆ ಸುಮಾರು 10. ಅಂದ್ರೆ ಆಗಲೂ ನೂರರಲ್ಲಿ 90 ಮಕ್ಕಳಿಗೆ ಬರಲ್ಲ. ಇಲ್ಲಿ ಇರೋದು ಹುಡುಗನ ಚಿಕ್ಕಪ್ಪನಿಗೆ, ಒಂದು ಹೆಜ್ಜೆ ದೂರ, ಹುಡುಗನ ಮಕ್ಕಳಿಗೆ ಇನ್ನೂ ಒಂದು ಹೆಜ್ಜೆ ದೂರ. ಅಷ್ಟು ದೂರ ಹೋಗೋ ಹೊತ್ತಿಗೆ ಆ ಹೆಚ್ಚುವರಿ ಭಯ ಬಹಳ ಇಳಿದಿರುತ್ತೆ.

ಸ್ಕಿಜೋಫ್ರೇನಿಯಾದಲ್ಲಿ ಜೀನ್ ಪೂರ್ತಿ ಒಂದೇ ಇರೋ ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ ಅರ್ಧಕ್ಕಿಂತ ಹೆಚ್ಚು ಸಲ ಇನ್ನೊಬ್ಬರಿಗೆ ಬರಲ್ಲ. ‘ಆ ಮನೇಲಿ ಹುಚ್ಚಿದೆ’ ಅಂತ ಒಂದು ಮಾತಲ್ಲಿ ಇಡೀ ವಂಶಕ್ಕೆ ಬೀಗ ಹಾಕೋರು ಇದನ್ನ ತಿಳ್ಕೊಳ್ಳಲಿ.

ಒಂದು ಮಾತ್ರ ಗಮನ ಇರಲಿ. ಕುಡಿತ, ಬೀಡಿ, ಗಾಂಜಾ, ಡಿಪ್ರೆಶನ್, ಬೈಪೋಲಾರ್ ಇವಕ್ಕೆಲ್ಲ ಕೆಲವು ಜೀನ್‌ಗಳು ಸಾಮಾನ್ಯವಾಗಿ ಸೇರಿರ್ತವೆ, ಅದಕ್ಕೇ ಒಂದೇ ಕುಟುಂಬದಲ್ಲಿ ಒಬ್ಬರಿಗೆ ಅದು ಇನ್ನೊಬ್ಬರಿಗೆ ಇದು ಕಾಣಿಸ್ಕೊಳ್ಳುತ್ತೆ. ಅಂಥ ಮನೆ ಹುಡುಗರು ಗಾಂಜಾ ಕಡೆ ತಲೆ ಹಾಕಬಾರದು, ಖಂಡಿತ ಬೇಡ. ಒಳಗೆ ಒಲವು ಇದ್ದವರಿಗೆ ಅದು ಕಾಯಿಲೆಯನ್ನ ಬೇಗ ಹೊರಗೆ ತರುತ್ತೆ. ಮತ್ತೆ ಚಿಕ್ಕಪ್ಪ ಮಾತ್ರೆ ತಗೊಂಡು ಅಂಗಡಿ ನಡೆಸ್ತಿದಾರೆ ಅಂದ್ರಲ್ಲ, ನನ್ನ ಪ್ರಕಾರ ಆ ಮನೆಯ ಒಳ್ಳೆ ಸುದ್ದಿ ಅದು. ಚಿಕಿತ್ಸೆ ಮಾಡಿಸ್ಕೊಳ್ಳೋ ಮನೆ ಅದು.

ಬೆಣ್ಣೆದೋಸೆ_ದಾವಣಗೆರೆ:
ಇದಕ್ಕೆ ಡಿಎನ್‌ಎ ಟೆಸ್ಟ್ ಇಲ್ವಾ? ಆನ್‌ಲೈನಲ್ಲಿ ಎಂಜಲು ಕಳ್ಸಿದ್ರೆ ಯಾವ ಚಟ ಬರುತ್ತೆ ಅಂತ ರಿಪೋರ್ಟ್ ಕೊಡ್ತಾರಂತೆ. ಹುಡುಗಂಗೆ ಮಾಡ್ಸಿ ನೋಡಿದ್ರೆ ಮುಗೀತಲ್ಲ.

ಜೀನ್_ಓದುವವ:
ಬೇಡ, ದುಡ್ಡು ದಂಡ. 1990ರಲ್ಲಿ ಡೋಪಮಿನ್‌ಗೆ (ಮಿದುಳಲ್ಲಿ ಸಂಕೇತ ಒಯ್ಯೋ ಒಂದು ರಾಸಾಯನಿಕ) ಸಂಬಂಧಿಸಿದ ಡಿಆರ್‌ಡಿ2 ಅನ್ನೋ ಜೀನ್‌ನ ಒಂದು ನಮೂನೆ ಕುಡುಕರಲ್ಲಿ ಹೆಚ್ಚು ಅಂತ ಸಂಶೋಧನೆ ಬಂದಾಗ ಕುಡಿತದ ಜೀನ್ ಸಿಕ್ಕಿತು ಅಂತ ಪೇಪರ್‌ಗಳಲ್ಲಿ ಗದ್ದಲ ಆಯ್ತು. ಆಮೇಲೆ ಬೇರೆಯವರು ಪರೀಕ್ಷೆ ಮಾಡಿದ್ರೆ ಕೆಲವು ಕಡೆ ಕಂಡಿತು, ಹಲವು ಕಡೆ ಇಲ್ಲ. ಈಗ ಗೊತ್ತಾಗಿರೋದು ಏನಂದ್ರೆ ಅಂಥ ಒಂದು ಜೀನ್ ಇಲ್ಲವೇ ಇಲ್ಲ. 2022ರಲ್ಲಿ ಸುಮಾರು 34 ಲಕ್ಷ ಜನರ ಡಿಎನ್‌ಎ ನೋಡಿ ಸಿಗರೇಟು ಮತ್ತು ಕುಡಿತಕ್ಕೆ ನಂಟಿರೋ ಸಾವಿರಾರು ಜಾಗಗಳನ್ನ ಗುರುತಿಸಿದ್ರು. ಹನಿ ಹನಿ ಸೇರಿ ಹಳ್ಳ ಆದ ಹಾಗೆ, ಒಂದೊಂದರ ಪಾಲು ಅತಿ ಸಣ್ಣದು. ಅದರಲ್ಲೂ ಬಹುಪಾಲು ಜನ ಯುರೋಪ್ ಮೂಲದವರು, ಆ ಲೆಕ್ಕ ತಂದು ದಾವಣಗೆರೆ ಹುಡುಗನ ಮೇಲೆ ಹಾಕಿದ್ರೆ ಕೂಡಿ ಬರಲ್ಲ. ನಮ್ಮ ದೇಶದ 10 ಸಾವಿರ ಜನರ ಜೀನೋಮ್ (ಪೂರ್ತಿ ಡಿಎನ್‌ಎ) ಓದಿರೋ ಮಾಹಿತಿ ಸಂಶೋಧಕರಿಗೆ ಸಿಕ್ಕಿದ್ದೇ 2025ರಲ್ಲಿ.

ಸದ್ಯಕ್ಕೆ ಅಪ್ಪ, ಅಜ್ಜ, ಅಣ್ಣತಮ್ಮಂದಿರ ಕಥೆ ಕೇಳೋದೇ ಯಾವ ಟೆಸ್ಟ್‌ಗಿಂತಲೂ ಉಪಯೋಗ. ಅದನ್ನ ಹುಡುಗ ಪುಕ್ಕಟೆಯಾಗಿ ಹೇಳಿಯೇ ಬಿಟ್ಟಿದಾನೆ.

ಉಣಕಲ್_ಕೆರಿ:
ಸಿಗರೇಟಿಗೂ ಜೀನ್ ಐತೇನ್ರಿ? ಗುಟ್ಕಾಕ್ಕ?

ಜೀನ್_ಓದುವವ:
ನಿಕೋಟಿನ್‌ಗೆ ಇದೆ. 15ನೇ ಕ್ರೋಮೋಸೋಮಿನಲ್ಲಿ ಸಿಎಚ್‌ಆರ್‌ಎನ್‌ಎ5 ಅಂತ, 2008ರಲ್ಲಿ ಮೂರು ತಂಡ ಬೇರೆಬೇರೆಯಾಗಿ ಅದೇ ಜಾಗಕ್ಕೆ ಬಂದು ನಿಂತವು. ಒಂದು ನಮೂನೆ ಇದ್ದವರಿಗೆ ನಿಕೋಟಿನ್ ಹೆಚ್ಚಾದಾಗ ಆಗೋ ವಾಕರಿಕೆ ಕಮ್ಮಿ, ಹಾಗಾಗಿ ದಿನಕ್ಕೆ ಹೆಚ್ಚು ಸೇದ್ತಾರೆ. ಗುಟ್ಕಾದಲ್ಲೂ ಇರೋದು ಅದೇ ನಿಕೋಟಿನ್.

ಬಯಲುಸೀಮೆ_ಅಕ್ಕ:
ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡ್ತಾರಲ್ಲ, ಅದರಿಂದ ಇವೆಲ್ಲ ಜಾಸ್ತಿ ಆಗುತ್ತಾ? ನಮ್ಮ ಮನೇಲಿ ಎರಡೂ ಕಡೆ ಕುಡಿಯೋರಿದಾರೆ.

ಮನೋವೈದ್ಯ_ಪಿಜಿ:
ಒಳಸಂಬಂಧದಲ್ಲಿ ಖಚಿತವಾಗಿ ಹೆಚ್ಚಾಗೋದು ಇಬ್ಬರಿಂದಲೂ ಒಂದೇ ಕೆಟ್ಟ ಜೀನ್ ಬಂದ್ರೆ ಆಗೋ ಅಪರೂಪದ ಕಾಯಿಲೆಗಳು. ಕುಡಿತ ಹಾಗಲ್ಲ. ಆದ್ರೆ ಅಪ್ಪನ ಕಡೆ ಅಮ್ಮನ ಕಡೆ ಎರಡೂ ಕಡೆ ಚಟ ಇದ್ರೆ ಮಕ್ಕಳಿಗೆ ಒಲವು ಹೆಚ್ಚೇ, ನೆಂಟರಾಗಿರಲಿ ಬಿಡಲಿ. ಅಂಥ ಮನೇಲಿ ಮಾಡ್ಬೇಕಾದ್ದು ಮಕ್ಕಳು ಮೊದಲ ಗುಟುಕು ಕುಡಿಯೋ ವಯಸ್ಸನ್ನ ಆದಷ್ಟು ಮುಂದಕ್ಕೆ ತಳ್ಳೋದು. ಅಮೆರಿಕದಲ್ಲಿ 1997ರಲ್ಲಿ ಬಂದ ಒಂದು ದೊಡ್ಡ ಸಮೀಕ್ಷೆ ಪ್ರಕಾರ 15ರ ಒಳಗೆ ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 40 ಜನ ಮುಂದೆ ದಾಸರಾದ್ರು, 20 ದಾಟಿ ಶುರು ಮಾಡಿದವರಲ್ಲಿ ಸುಮಾರು 10. ಹಬ್ಬಕ್ಕೆ ಮಗನಿಗೂ ಒಂದು ತೊಟ್ಟು ಅಂತ ಕೊಡೋ ಪದ್ಧತಿ ಇದ್ರೆ ಬಿಡಿ.

ಸತ್ಯಂವದ:
ಇದೆಲ್ಲ ಓದಿ ಸಿಟ್ಟು ಬರ್ತಿದೆ. ಜೀನ್ ಜೀನ್ ಅಂತ ಕುಡುಕರಿಗೆ ಒಂದು ನೆಪ ಕೊಡ್ತಿದೀರಿ. ನಮ್ಮಮ್ಮ ಮೂಗುತಿ ಅಡವಿಟ್ಟು ನಮ್ಮ ಫೀಸ್ ಕಟ್ಟಿದ್ರು, ಅಪ್ಪಂಗೆ ಮನಸ್ಸಿದ್ರೆ ಬಿಡ್ತಿದ್ರು.

ಈಗ_ಕುಡಿಯಲ್ಲ:
ಸತ್ಯಂವದ ಅವರೇ, ನಿಮ್ಮ ಅಮ್ಮನ ಕಷ್ಟಕ್ಕೆ ನಾನು ಏನು ಹೇಳಿದ್ರೂ ಕಮ್ಮಿನೇ. ನಾನು ಆ ಅಪ್ಪನ ಜಾಗದಲ್ಲಿ ಇದ್ದವನು. ನಮ್ಮ ತಾತ, ಅಪ್ಪ, ದೊಡ್ಡಪ್ಪ ಎಲ್ಲ ಕುಡಿತದಲ್ಲೇ ಹೋದ್ರು. ನಂಗೆ ಎಲ್ರೂ ಹೇಳ್ತಿದ್ದಿದ್ದು ಒಂದೇ, ಮನಸ್ಸು ಮಾಡು ಅಂತ. ಮನಸ್ಸು ಮಾಡ್ತಿದ್ದೆ, ಬೆಳಗ್ಗೆ ಕೈ ನಡುಗ್ತಿತ್ತು, ಮತ್ತೆ ಅಂಗಡಿ ಮುಂದೆ ನಿಂತಿರ್ತಿದ್ದೆ. ನಾನೇ ಕೆಟ್ಟವನು ಅಂತ ಅನ್ಕೊಂಡು ಇನ್ನೂ ಕುಡೀತಿದ್ದೆ.

ಊರಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಡೆದಾಗ ಹೆಂಡತಿ ಕರ್ಕೊಂಡು ಹೋದ್ಲು, ಆಮೇಲೆ ಡಾಕ್ಟರ್ ಹತ್ರನೂ ಹೋದ್ವಿ. ಆ ಡಾಕ್ಟರ್ ನಮ್ಮ ವಂಶದ ಕಥೆ ಪೂರ್ತಿ ಬರ್ಕೊಂಡು ಒಂದು ಮಾತು ಹೇಳಿದ್ರು: ನಿಂಗೆ ಸ್ವಲ್ಪ ಕುಡಿಯೋದು ಅನ್ನೋದು ಇಲ್ಲ, ನಿನ್ನ ಮೈಗೆ ಅದು ಆಗಲ್ಲ, ಒಂದು ಹನಿನೂ ಬೇಡ. ನಂಗೆ ಅದು ನೆಪ ಆಗಲಿಲ್ಲ. ಹಬ್ಬಕ್ಕೆ ಒಂದೇ ಪೆಗ್ ಅನ್ನೋ ನೆಂಟರಿಗೆ ಹೇಳೋಕೆ ಒಂದು ಉತ್ತರ ಸಿಕ್ತು. ನನ್ನ ಮಗನಿಗೂ ಇದನ್ನೇ ಹೇಳಿದೀನಿ.

ಸತ್ಯಂವದ:
ನಮ್ಮಪ್ಪಂಗೆ ಯಾರೂ ಇಷ್ಟು ಹೇಳ್ಲಿಲ್ಲ. ಮಾಡಿದ್ದನ್ನ ಕ್ಷಮಿಸೋಕೆ ನಂಗಿನ್ನೂ ಆಗಲ್ಲ, ಆದ್ರೆ ನೀವು ಬಿಟ್ಟಿದ್ದು ಒಳ್ಳೇದಾಯ್ತು.

ಹೊಸಬ_ಹಾಸನ:
ವಿಷಯ ಬಿಟ್ಟು ಕೇಳ್ತಿದೀನಿ. ನಮ್ಮಪ್ಪ ದಿನಾ ಕುಡಿಯೋರು ಮೊನ್ನೆ ಯಾರ ಮಾತಿಗೋ ಒಂದೇ ಸಲ ಬಿಟ್ಬಿಟ್ರು. ಈಗ ಮೈ ನಡುಗ್ತಿದೆ, ರಾತ್ರಿ ಗೋಡೆ ಮೇಲೆ ಏನೋ ಹರೀತಿದೆ ಅಂತಿದ್ರು. ಕುಡಿತ ಬಿಡುವಾಗ ಹೀಗೇ ಆಗುತ್ತೆ ಸರಿ ಹೋಗುತ್ತೆ ಅಂತಾರೆ ಮನೇಲಿ?

ವಾರ್ಡ್_ಸಿಸ್ಟರ್:
ಸರಿ ಹೋಗುತ್ತೆ ಅಂತ ಕಾಯಬೇಡಿ. ಈಗಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಎಷ್ಟು ಕುಡೀತಿದ್ರು, ಕೊನೆಗೆ ಯಾವಾಗ ಕುಡಿದ್ರು ಎಲ್ಲ ಮುಚ್ಚಿಡದೆ ಹೇಳಿ. ದಿನಾ ಕುಡಿಯೋರು ತಟ್ಟನೆ ಬಿಟ್ರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೆ ಅಪಾಯ. ಇಂಜೆಕ್ಷನ್, ಬಿ1 ವಿಟಮಿನ್ ಕೊಟ್ಟು ಸಂಭಾಳಿಸ್ತಾರೆ. ಗಾಡಿ ಇಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಬೇರೆಯವರಿಗೂ ಹೇಳ್ತೀನಿ, ಮನಸ್ಸಿನ ತೊಂದರೆ, ಕುಡಿತ ಯಾವುದಕ್ಕಾದ್ರೂ 14416 ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಹೊಸಬ_ಹಾಸನ:
ಅಡ್ಮಿಟ್ ಮಾಡ್ಕೊಂಡ್ರು ಸಿಸ್ಟರ್, ಡ್ರಿಪ್ ಹಾಕಿದಾರೆ.

ಪಣಂಬೂರು_ಬಂದರು:
ಒಳ್ಳೆದಾಯ್ತು. ಕಲ್ಪತರು ಅವರೇ, ನಿಮ್ಮ ತಂಗಿ ಏನು ಹೇಳುದು? ಇಷ್ಟು ಹೊತ್ತು ದೊಡ್ಡಪ್ಪನ ಮಾತೇ ಆಯ್ತು.

ಕಲ್ಪತರು_ನಾಡು:
ಇದನ್ನೆಲ್ಲ ತಂಗಿಗೆ ಓದೋಕೆ ಕೊಟ್ಟೆ. ಅವಳು ಹೇಳಿದ್ದು, ನಂಗೆ ಈ ಹುಡುಗ ಬೇಕು, ಆದ್ರೆ ಮದುವೆಗೆ ಮುಂಚೆ ಇಬ್ರೂ ಕೂತು ಡಾಕ್ಟರ್ ಹತ್ರ ಮಾತಾಡ್ತೀವಿ, ಮನೇಲಿ ಬಾಟ್ಲಿ ಇಡೋದಿಲ್ಲ, ಅವನಿಗೆ ನಿದ್ದೆ ಕೆಟ್ರೆ ಮನಸ್ಸು ಕೆಟ್ರೆ ಮುಚ್ಚಿಡದೆ ಹೇಳ್ಬೇಕು ಅಂತ. ಹುಡುಗ ಆಗಲೇ ಹೂಂ ಅಂದಿದಾನಂತೆ. ದೊಡ್ಡಪ್ಪನ ಜೊತೆ ಭಾನುವಾರ ಮಾತಾಡ್ಬೇಕು. ಮೊದಲು ಏನು ಹೇಳ್ಲಿ?

ಮಲ್ಲೇಶ್ವರಂ_ಆಂಟಿ:
ಜೀನ್_ಓದುವವರು ಹೇಳಿದ ನೂರರಲ್ಲಿ 82 ಮೊದಲು ಹೇಳಿ. ಆಮೇಲೆ ನಿಮ್ಮ ಕಡೆ ಯಾರ್ಯಾರು ಕುಡೀತಿದ್ರು ಅಂತ ದೊಡ್ಡಪ್ಪನ್ನೇ ಕೇಳಿ, ಅದನ್ನೂ ಹುಡುಗನ ಮನೆಯವರಿಗೆ ಹೇಳ್ಬೇಕಲ್ವಾ.